ಅಪ್‌ಡೇಟ್: 12 ಡೋನಟ್, 5 ಮೈಲಿ, ಒಂದು ಗಂಟೆ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲಿಯಲ್ಲಿ ನಡೆಯುವ ಕ್ರಿಸ್ಪಿ ಕ್ರೀಮ್ (ಡೋನಟ್ ಅಂಗಡಿಯ ಹೆಸರು) ಚಾಲೆಂಜ್‌ಗೆ ತಯಾರಿ ಹೇಗೆ ಎಂದು ಕೇಳಿದ್ದೆ: ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯದ ಗಂಟೆ ಗೋಪುರದಿಂದ (ಬೆಲ್‌ಟವರ್) 2.5 ಮೈಲಿ ಓಟ, ಆ ಅಂಗಡಿ ಹತ್ತಿರ ಒಂದು ಡಜನ್ ಗ್ಲೇಜ್ಡ್ (ಸಕ್ಕರೆ ಲೇಪದ) ಡೋನಟ್, ಮತ್ತೆ ಅಷ್ಟೇ ದೂರ ವಾಪಸ್, ಎಲ್ಲ ಒಂದು ಗಂಟೆಯೊಳಗೆ. 2004ರಲ್ಲಿ ವಿದ್ಯಾರ್ಥಿಗಳ ಪಂಥವಾಗಿ ಶುರುವಾಗಿದ್ದು ಈಗ ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸುವ ಓಟ. ಬಂದ ಸಲಹೆಗಳಲ್ಲಿ ಕೆಲಸಕ್ಕೆ ಬರುವಂಥವು ಇವು.

ಮೊದಲು ಲೆಕ್ಕ. ಒಂದು ಕಡೆಗೆ ಸುಮಾರು 4 ಕಿ.ಮೀ. ಹೋಗುವಾಗ ಕಿಲೋಮೀಟರಿಗೆ ಐದೂವರೆ ನಿಮಿಷ, ಬರುವಾಗ ಆರೂವರೆ ಹಿಡಿದರೆ ಓಟಕ್ಕೇ 48 ನಿಮಿಷ. ಉಳಿದ 12ರಲ್ಲಿ ಡೋನಟ್‌ಗೆ ಒಂದೊಂದು ನಿಮಿಷ. ಹೋಗುವಾಗಲೇ ಏದುಸಿರು ಬಂದರೆ ಕೆಟ್ಟಿತು: ಬಾಯಲ್ಲಿ ಉಸಿರಾಡುತ್ತಾ ಅಗಿಯೋಕಾಗಲ್ಲ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಈ ಡೋನಟ್ ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟು, ಒಳಗೆಲ್ಲ ಗಾಳಿ. ಮೂರನ್ನು ಒಂದರ ಮೇಲೊಂದಿಟ್ಟು ಅಂಗೈಯಿಂದ ಒತ್ತಿದರೆ ದಪ್ಪ ಚಪಾತಿಯಷ್ಟಾಗುತ್ತದೆ. ಓಟ ನಡೆಯುವ ಫೆಬ್ರವರಿ ಚಳಿಗೆ ಸಕ್ಕರೆ ಗಟ್ಟಿಯಾಗಿ ಅಂಗುಳಕ್ಕೆ ಅಂಟುತ್ತದೆ. ಅಂಚನ್ನು ನೀರಿಗೆ ಅದ್ದಿ ತಿನ್ನಿ, ನೋಡೋಕೆ ಅಸಹ್ಯ, ಆದರೆ ಇಳಿಯುತ್ತದೆ. ಲೋಟಗಟ್ಟಲೆ ನೀರು ಬೇಡ, ಹೊಟ್ಟೆ ಅದರಿಂದಲೇ ತುಂಬುತ್ತದೆ.

ಕಷ್ಟ ಇರುವುದು ವಾಪಸ್ ದಾರಿಯಲ್ಲಿ. ಸುಮಾರು 2400 ಕ್ಯಾಲೊರಿ ಸಕ್ಕರೆ, ಎಣ್ಣೆ ಹೊಟ್ಟೆಯಲ್ಲಿ ಕುಲುಕುತ್ತಿರುತ್ತದೆ. ಬಾಯಿ ಪೂರ್ತಿ ಖಾಲಿಯಾದ ಮೇಲೆ ಹೊರಡಿ, ಎರಡು ನಿಮಿಷ ನಡೆಯಿರಿ, ಆಮೇಲೆ ಚಿಕ್ಕ ಹೆಜ್ಜೆಯ ಓಟ. ಸಕ್ಕರೆ ಕಾಯಿಲೆ ಇದ್ದವರು ಡೋನಟ್ ಬಿಟ್ಟು ಓಡಲಿ.