ಟವರ್ ಬೋಲ್ಟ್ ಜೊತೆ ಕೊಟ್ಟ ಸ್ಕ್ರೂ ಮುರಿಯುತ್ತಿದೆ, ಏನ್ಮಾಡೋದು?

ಜೋಗಿಮಟ್ಟಿ: ಸಾಕಾಗಿ ಹೋಯ್ತು. ಬಾತ್‌ರೂಮ್ ಬಾಗಿಲಿಗೆ ಹೊಸ ಟವರ್ ಬೋಲ್ಟ್ (ಸರಿಸಿ ಹಾಕೋ ಚಿಲಕ) ತಂದೆ. ಬೋಲ್ಟ್ ಗಟ್ಟಿಮುಟ್ಟಾಗಿದೆ, ಜೊತೆಗಿದ್ದ ಸ್ಕ್ರೂಗಳು ಮಾತ್ರ ಬರೀ ಕಸ. ಒಂದರ ತಲೆಯಲ್ಲಿದ್ದ ಪ್ಲಸ್ ಸವೆದು ದುಂಡಗಾಗಿದೆ. ಇನ್ನೊಂದು ಅರ್ಧ ಇಳಿದು ಟಕ್ ಅಂತ ಮುರಿಯಿತು, ತುಂಡು ಒಳಗೇ ಇದೆ. ಪ್ಯಾಕೆಟ್ ಮೇಲೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಅಂತ ದೊಡ್ಡದಾಗಿ ಬರೆದಿದ್ದಾರೆ ಬೇರೆ.

ಮಂಡಿಪೇಟೆ: ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ಅದು ಎಸ್‌ಎಸ್ ಅಲ್ಲ, ಪಾಲಿಶ್ ಹೊಡೆದ ಕಬ್ಬಿಣ.

ಜೋಗಿಮಟ್ಟಿ: ಅಂಟುತ್ತಿಲ್ಲ.

ಮಂಡಿಪೇಟೆ: ನಿಮ್ಮ ಮ್ಯಾಗ್ನೆಟ್ ವೀಕ್ ಇರಬೇಕು. ಹಳೇ ಸ್ಪೀಕರಿನದು ಸಿಕ್ಕರೆ ನೋಡಿ.

ಹದಡಿ ರಸ್ತೆ: ಮ್ಯಾಗ್ನೆಟ್ ಪುರಾಣ ಸಾಕು ಸಾರ್. 304, 202, 410 ಎಲ್ಲ ಸ್ಟೇನ್‌ಲೆಸ್ ಸ್ಟೀಲಿನ ಬೇರೆ ಬೇರೆ ಗ್ರೇಡ್‌ಗಳು. 304ಕ್ಕೂ ಅಷ್ಟಾಗಿ ಅಂಟಲ್ಲ, 202ಕ್ಕೂ ಅಂಟಲ್ಲ. 410ಕ್ಕೆ ಅಂಟುತ್ತದೆ, ಅದೂ ಸ್ಟೇನ್‌ಲೆಸ್ಸೇ. ಜೋಗಿಮಟ್ಟಿಯವರೇ, ಡ್ರೈವರ್ ತುದಿಗೆ ಯಾವ ಬಿಟ್ ಹಾಕಿದಿರಿ? ಪಿಎಚ್2 (ಫಿಲಿಪ್ಸ್) ನಾ, ಪಿಜಡ್2 (ಪೋಜಿಡ್ರೈವ್) ನಾ? ಎರಡೂ ಪ್ಲಸ್ ಆಕಾರದವೇ. ಪ್ಲಸ್ ಮಧ್ಯೆ ಸಣ್ಣ ಗೀರುಗಳಿದ್ದರೆ ಅದು ಪಿಜಡ್. ಅದಕ್ಕೆ ಪಿಎಚ್ ಹಾಕಿದರೆ ಜಾರಿ ಜಾರಿ ತಲೆ ತಿನ್ನುತ್ತದೆ.

ಮಂಡಿಪೇಟೆ: ಮ್ಯಾಗ್ನೆಟ್ ನೋಡದೆ ನಾನಂತೂ ಒಂದು ಸ್ಕ್ರೂನೂ ತಗೊಳ್ಳಲ್ಲ. ನಿಮ್ಮಿಷ್ಟ.

ವಿದ್ಯಾನಗರ: ನಾನು 12 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್ (ಬಡಿದು ಬಡಿದು ತಿರುಗಿಸೋ ಬ್ಯಾಟರಿ ಸ್ಕ್ರೂಡ್ರೈವರ್) ತಗೊಂಡೆ. ಬ್ಯಾಟರಿ ಎರಡು. ಬಿಟ್‌ಗಳನ್ನೆಲ್ಲ ಗೋಡೆಗೆ ಬೋರ್ಡ್ ಹೊಡೆದು ಸಾಲಾಗಿ ನೇತು ಹಾಕಿದ್ದೇನೆ. ಕೈಯಲ್ಲಿ ತಿರುಗಿಸೋ ಕಾಲ ಮುಗೀತು.

ಹದಡಿ ರಸ್ತೆ: ಆ ಸ್ಕ್ರೂಗೆ ಇಂಪ್ಯಾಕ್ಟ್ ಕೊಟ್ಟರೆ ಇನ್ನೂ ಬೇಗ ಮುರಿಯುತ್ತದೆ.

ಜೋಗಿಮಟ್ಟಿ: ಬಿಟ್ಟೂ ಇಲ್ಲ ಗಿಟ್ಟೂ ಇಲ್ಲ, ಕೈ ಸ್ಕ್ರೂಡ್ರೈವರ್. ಕೋಟೆ ಹತ್ತಿರದ ಹಳೇ ಮನೆ, ಬಾಗಿಲು ಚೌಕಟ್ಟು ಎರಡೂ ಅಜ್ಜನ ಕಾಲದ ಮತ್ತಿ ಮರ. ಮೊಳೆ ಹೊಡೆದು ಗುರುತು ಮಾಡಿ ತಿರುಗಿಸಿದೆ. ಸ್ಕ್ರೂ ಚೆನ್ನಾಗಿದ್ದರೆ ಹೋಗಬೇಕಲ್ವಾ?

ಹದಡಿ ರಸ್ತೆ: ಒಣಗಿದ ಮತ್ತಿ ಅಂತ ಈಗ ಹೇಳ್ತೀರಲ್ಲ! ಭಾರೀ ಗಟ್ಟಿ ಮರ ಅದು. ಮೊಳೆ ಗುರುತು ಸಾಲದು. ಈ ಸ್ಟೇನ್‌ಲೆಸ್ ಸ್ಕ್ರೂಗಳು ಗಟ್ಟಿ ಮಾಡಿದ ಸ್ಟೀಲಿಗಿಂತ ಮೆದು. ಸ್ಕ್ರೂ 4 ಎಂಎಂ ಇದ್ದರೆ 3 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಪೂರ್ತಿ ಆಳಕ್ಕೆ ತೂತು ಹಾಕಿ. ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಬಿಗಿದು ತೆಗೆಯಿರಿ, ಥ್ರೆಡ್‌ಗೆ ದಾರಿಯಾಗುತ್ತದೆ. ಆಮೇಲೆ ಎಸ್‌ಎಸ್ ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿ. ಸೋಪು ಬೇಡ, ತೇವ ಎಳೆಯುತ್ತದೆ.

ಮಂಡಿಪೇಟೆ: ಸೋಪಿಗೇನಾಗಿದೆ? ಬಡಗಿಗಳೆಲ್ಲ ಅದನ್ನೇ ಹಚ್ಚೋದು.

ಹದಡಿ ರಸ್ತೆ: ಬಾತ್‌ರೂಮ್ ಬಾಗಿಲು ಸ್ವಾಮಿ ಇದು. ಮೇಲಿಂದ ಟೈಲ್ಸ್ ತೊಳೆಯೋ ಆಸಿಡ್. ಅದರ ಹೊಗೆಗೆ 304 ಕೂಡ ಕಲೆಗಟ್ಟುತ್ತದೆ.

ಜೋಗಿಮಟ್ಟಿ: ಮುರಿದ ತುಂಡಿನ ಗತಿ? ಅಂಗಡಿಯವರನ್ನು ಕೇಳಿದರೆ ಬರೀ ಸ್ಕ್ರೂ ಕೊಡಲ್ಲ, ಬೋಲ್ಟ್ ಸಮೇತ ತನ್ನಿ ಅಂತಾರೆ. ಬೋಲ್ಟ್ ಬಿಚ್ಚೋಣ ಅಂದ್ರೆ ತಲೆ ಸವೆದ ಸ್ಕ್ರೂ ಅದನ್ನು ಹಿಡಿದುಕೊಂಡು ಕೂತಿದೆ!

ಹದಡಿ ರಸ್ತೆ: ಸವೆದ ತಲೆ ಮೇಲೆ ಅಗಲದ ರಬ್ಬರ್ ಬ್ಯಾಂಡ್ ಇಟ್ಟು, ಡ್ರೈವರ್ ಬಲವಾಗಿ ಒತ್ತಿ ನಿಧಾನ ತಿರುಗಿಸಿ. ಜಗ್ಗದಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಗೀರು ಕೊಯ್ದು ಮೈನಸ್ ಡ್ರೈವರ್ ಹಾಕಿ. ಒಳಗಿರೋ ತುಂಡನ್ನು ಕೆದಕಬೇಡಿ, ಬೋಲ್ಟನ್ನೇ ಒಂದಿಂಚು ಮೇಲೆ ಸರಿಸಿ. ಹೊಸ ಸ್ಕ್ರೂ ಬಿಡಿಯಾಗಿ ಬೇರೆ ಕಡೆ ತಗೊಳ್ಳಿ.

ಜೋಗಿಮಟ್ಟಿ: ರಬ್ಬರ್ ಬ್ಯಾಂಡ್ ಹರಿಯಿತು. ಬ್ಲೇಡ್ ತರಬೇಕು.

ವಿದ್ಯಾನಗರ: ನನ್ನ ಬೋರ್ಡಿನ ಫೋಟೋ ಹಾಕಿದ್ದೇನೆ, ನೋಡಿ. ಕೆಳಗಿನ ಸಾಲು ಪೂರ್ತಿ ಮ್ಯಾಗ್ನೆಟಿಕ್.

ಮಂಡಿಪೇಟೆ: ಸೂಪರ್! ಎಲ್ಲಿ ತಗೊಂಡ್ರಿ, ಎಷ್ಟಾಯ್ತು?