ನಲ್ ಕೊಟ್ಟರೂ ಮೆಮೊರಿ ಬಿಡದ ತೂಕದ ಚೀಟಿಗಳು

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಮೇಡಂ. ಕಬ್ಬಿನ ಗಾಡಿಗಳ ತೂಕ ದಾಖಲಿಸುವ ಜಾವಾ ಪ್ರೋಗ್ರಾಂ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಗಾಡಿ ಕಬ್ಬಿನ ಸಮೇತ ಒಮ್ಮೆ, ಕಬ್ಬು ಇಳಿಸಿದ ಮೇಲೆ ಖಾಲಿಯಾಗಿ ಇನ್ನೊಮ್ಮೆ ತೂಕವಾಗುತ್ತದೆ. ಮೊದಲ ತೂಕದ ಚೀಟಿಯನ್ನು, ಗಾಡಿಯ ಫೋಟೊ ಸಹಿತ, ಚೀಟಿ ಸಂಖ್ಯೆಯನ್ನೇ ಕೀ ಮಾಡಿಕೊಂಡು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ (ಕೀ ಕೊಟ್ಟರೆ ಅದರ ನಮೂದನ್ನು ಹುಡುಕಿಕೊಡುವ, ಇಡೀ ಪ್ರೋಗ್ರಾಂಗೆ ಒಂದೇ ಆದ ಪಟ್ಟಿ) ಒಂದರಲ್ಲಿ ಇಡುತ್ತೇವೆ. ಎರಡನೆಯ ತೂಕ ಡೇಟಾಬೇಸಿಗೆ ಸೇರಿದ ಕೂಡಲೇ ಚೀಟಿಯ ವೇರಿಯಬಲ್‌ಗೆ ನಲ್ (ಏನನ್ನೂ ಸೂಚಿಸದ ಖಾಲಿ ಮೌಲ್ಯ) ಕೊಡುತ್ತೇನೆ. ಆದರೂ ಹಂಗಾಮು ಜೋರಾದಾಗ ‘ಔಟ್ ಆಫ್ ಮೆಮೊರಿ’ ಎಂದು ಪ್ರೋಗ್ರಾಂ ನಿಂತುಹೋಗುತ್ತದೆ. ಮೆಮೊರಿ ತೆರವು ಮಾಡಲು ಹೇಳುವ ‘ಸಿಸ್ಟಂ.ಜಿಸಿ’ ಕರೆದೂ ಪ್ರಯೋಜನವಾಗಲಿಲ್ಲ. ಬೇಡವಾದ ಮೆಮೊರಿಯನ್ನು ತಾನಾಗಿ ತೆರವು ಮಾಡಬೇಕಾದ ಗಾರ್ಬೇಜ್ ಕಲೆಕ್ಟರ್ ಏಕೆ ಕೆಲಸ ಮಾಡುತ್ತಿಲ್ಲ?

ಉತ್ತರ (ಮೈಸೂರಿನಿಂದ): ಅದು ಕೆಲಸ ಮಾಡುತ್ತಿದೆ, ಆದರೆ ಆ ಚೀಟಿಗಳು ಅದರ ಲೆಕ್ಕದಲ್ಲಿ ಕಸವಲ್ಲ. ಒಂದು ಆಬ್ಜೆಕ್ಟ್ (ಮೆಮೊರಿಯಲ್ಲಿರುವ ಡೇಟಾದ ಘಟಕ, ಇಲ್ಲಿ ಚೀಟಿ) ನಿಮಗೆ ಇನ್ನು ಬೇಕೋ ಬೇಡವೋ ಎಂಬುದನ್ನು ಕಲೆಕ್ಟರ್ ತಿಳಿಯಲಾರದು. ಓಡುತ್ತಿರುವ ಥ್ರೆಡ್‌ಗಳ ಲೋಕಲ್ ವೇರಿಯಬಲ್‌ಗಳು, ಸ್ಟ್ಯಾಟಿಕ್ ಫೀಲ್ಡ್‌ಗಳು ಮುಂತಾದ ‘ರೂಟ್’ಗಳಿಂದ ಹೊರಟು, ಆಬ್ಜೆಕ್ಟನ್ನು ಹಿಡಿದಿರುವ ಕೊಂಡಿಯಾದ ಒಂದು ರೆಫರೆನ್ಸ್‌ನಿಂದ ಇನ್ನೊಂದಕ್ಕೆ ಸಾಗುತ್ತ, ಎಲ್ಲಿಯವರೆಗೆ ತಲುಪಬಹುದೋ ಅಷ್ಟನ್ನೂ ಜೀವಂತವೆಂದು ಎಣಿಸಿ, ಉಳಿದದ್ದನ್ನು ಮಾತ್ರ ಅದು ತೆರವು ಮಾಡುತ್ತದೆ. ಜಾನ್ ಮೆಕಾರ್ತಿ ಲಿಸ್ಪ್ ಭಾಷೆಯ ಕುರಿತ 1960ರ ಪ್ರಬಂಧದಲ್ಲಿ ವಿವರಿಸಿದ ಈ ತತ್ವ ಇಂದಿಗೂ ಬದಲಾಗಿಲ್ಲ.

ನೀವು ನಲ್ ಕೊಟ್ಟದ್ದು ವೇರಿಯಬಲ್‌ಗೆ, ಆಬ್ಜೆಕ್ಟ್‌ಗಲ್ಲ. ಮ್ಯಾಪ್ ಇನ್ನೂ ಅದೇ ಚೀಟಿಯನ್ನು ಹಿಡಿದುಕೊಂಡಿದೆ, ಮ್ಯಾಪನ್ನು ಸ್ಟ್ಯಾಟಿಕ್ ಫೀಲ್ಡ್ ಹಿಡಿದುಕೊಂಡಿದೆ, ಆ ಫೀಲ್ಡ್ ಸಾಮಾನ್ಯವಾಗಿ ಪ್ರೋಗ್ರಾಂ ನಿಲ್ಲುವವರೆಗೂ ಇರುತ್ತದೆ. ಗಾಡಿಯ ಸಂಖ್ಯೆ ಕೀ ಆಗಿದ್ದರೆ ಅದೇ ಗಾಡಿ ಮತ್ತೆ ಬಂದಾಗ ಹಳೆಯ ಚೀಟಿಯ ಜಾಗಕ್ಕೆ ಹೊಸದು ಬಂದು ಕೂರುತ್ತಿತ್ತು, ತೊಂದರೆ ಇಷ್ಟು ಬೇಗ ಬಯಲಾಗುತ್ತಿರಲಿಲ್ಲ. ‘ಸಿಸ್ಟಂ.ಜಿಸಿ’ ಎನ್ನುವುದು ಕೇವಲ ವಿನಂತಿ. ಅದನ್ನು ಮನ್ನಿಸಿ ಕಲೆಕ್ಟರ್ ಓಡಿದರೂ ತಲುಪಬಹುದಾದ ಆಬ್ಜೆಕ್ಟನ್ನು ಮುಟ್ಟುವಂತಿಲ್ಲ. ಎರಡನೆಯ ತೂಕ ಡೇಟಾಬೇಸಿಗೆ ಸೇರಿತೆಂದು ಖಚಿತವಾದ ಮೇಲೆ ಮ್ಯಾಪ್‌ನ ‘ರಿಮೂವ್’ ಕರೆಯಿರಿ. ನಲ್ ಕೊಡುವ ಸಾಲನ್ನು ಅಳಿಸಿಬಿಡಬಹುದು.

ಪ್ರಶ್ನೆ: ಅದರ ಬದಲು ‘ವೀಕ್‌ಹ್ಯಾಶ್‌ಮ್ಯಾಪ್’ ಬಳಸಿದರೆ ತಾನಾಗಿಯೇ ಖಾಲಿಯಾಗುವುದಿಲ್ಲವೇ? ಗೆಳೆಯರೊಬ್ಬರು ಹಾಗೆ ಸೂಚಿಸಿದರು.

ಉತ್ತರ: ದಯವಿಟ್ಟು ಬೇಡ. ಅದು ಕೀಯನ್ನು ದುರ್ಬಲವಾಗಿ ಹಿಡಿಯುತ್ತದೆ. ಬೇರೆ ಯಾರೂ ಆ ಕೀಯನ್ನು ಹಿಡಿದಿರದಿದ್ದರೆ ನಮೂದೇ ಬಿದ್ದುಹೋಗುತ್ತದೆ. ನಿಮ್ಮಲ್ಲಿ ಎರಡು ತೂಕಗಳ ನಡುವೆ ಚೀಟಿ ಸಂಖ್ಯೆಯ ಆಬ್ಜೆಕ್ಟನ್ನು ಮ್ಯಾಪ್ ಬಿಟ್ಟರೆ ಬಹುಶಃ ಮತ್ತಾರೂ ಹಿಡಿದಿಲ್ಲ. ಅಂದಮೇಲೆ ಗಾಡಿ ಇನ್ನೂ ಅಂಗಳದಲ್ಲಿ ನಿಂತಿರುವಾಗಲೇ ಅದರ ಮೊದಲ ತೂಕ ಮಾಯವಾಗಬಹುದು, ರೈತರಿಗೆ ನೀವು ಉತ್ತರ ಹೇಳಬೇಕಾಗುತ್ತದೆ. ಮೆಮೊರಿ ತುಂಬಿ ನಿಲ್ಲುವ ಪ್ರೋಗ್ರಾಂಗಿಂತ ಲೆಕ್ಕ ಕಳೆದುಕೊಳ್ಳುವ ಪ್ರೋಗ್ರಾಂ ಕೆಟ್ಟದ್ದು. ಚೀಟಿಯ ಆಯುಷ್ಯ ನಿಮ್ಮ ವ್ಯವಹಾರಕ್ಕೆ ಸೇರಿದ ವಿಷಯ. ಅದನ್ನು ಕಲೆಕ್ಟರ್‌ನ ಮರ್ಜಿಗೆ ಬಿಡಬಾರದು.

ಇನ್ನು, ಎರಡನೆಯ ತೂಕಕ್ಕೆ ಬಾರದೆ ಹೋದ ಗಾಡಿಗಳ ಚೀಟಿಗಳೂ ಉಳಿಯುತ್ತವೆ. ಮೊದಲ ತೂಕವನ್ನೂ ಆಗಲೇ ಡೇಟಾಬೇಸಿಗೆ ಬರೆದು, ಫೋಟೊವನ್ನು ಡಿಸ್ಕ್‌ನಲ್ಲಿಟ್ಟು, ಮ್ಯಾಪ್‌ನಲ್ಲಿ ಫೈಲಿನ ಹೆಸರನ್ನಷ್ಟೇ ಇಡುವುದು ಒಳ್ಳೆಯದು.

ಪ್ರಶ್ನೆ: ಕ್ಯಾಮೆರಾ ಸಂಪರ್ಕವನ್ನು ಆಬ್ಜೆಕ್ಟನ್ನು ತೆರವು ಮಾಡುವ ಮುನ್ನ ಓಡುವ ‘ಫೈನಲೈಜ್’ ಮೆಥಡ್‌ನಲ್ಲಿ ಮುಚ್ಚುತ್ತಿದ್ದೇವೆ. ಅದು ಸರಿಯೇ?

ಉತ್ತರ: ಸರಿಯಲ್ಲ. ಫೈನಲೈಜ್ ಯಾವಾಗ ಓಡುತ್ತದೆಂಬ ಭರವಸೆಯೇ ಇಲ್ಲ. ಜಾವಾ 9ರಲ್ಲಿಯೇ ಅದನ್ನು ಬಳಸಬಾರದೆಂದು ಗುರುತಿಸಲಾಗಿದೆ. ಮೆಮೊರಿ ಸಾಕಷ್ಟಿದ್ದರೆ ಕಲೆಕ್ಟರ್‌ಗೆ ಅವಸರವಿರುವುದಿಲ್ಲ, ಅಷ್ಟರಲ್ಲಿ ತೆರೆಯಬಹುದಾದ ಸಂಪರ್ಕಗಳ ಮಿತಿ ಮುಗಿದುಹೋಗಿರುತ್ತದೆ. ಕೆಲಸ ಮುಗಿದ ಕೂಡಲೇ ಸಂಪರ್ಕವನ್ನು ತಾನಾಗಿ ಮುಚ್ಚುವ, ಜಾವಾ 7ರಿಂದ ಇರುವ ‘ಟ್ರೈ-ವಿತ್-ರಿಸೋರ್ಸಸ್’ ಬಳಸಿ.

ಬದಲಾವಣೆ ಮಾಡುವ ಮುನ್ನ ಒಮ್ಮೆ ‘ಜೆಮ್ಯಾಪ್’ ಎಂಬ ಜಾವಾ ಉಪಕರಣದಿಂದ ಹೀಪ್ ಡಂಪ್ (ಆ ಕ್ಷಣದ ಮೆಮೊರಿಯ ಪ್ರತಿ) ತೆಗೆದು, ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ಯಾವುದಾದರೊಂದು ಹಳೆಯ ಚೀಟಿಯಿಂದ ರೂಟ್‌ವರೆಗಿನ ದಾರಿಯನ್ನು ತೆರೆದು ನೋಡಿ. ಅಲ್ಲಿ ಮ್ಯಾಪ್ ಅಲ್ಲದೆ ಬೇರೆ ಹೆಸರು ಕಂಡರೆ ಇಲ್ಲಿಯೇ ಬರೆಯಿರಿ.