ಸಣ್ಣ .22 ರಿವಾಲ್ವರ್‌ನಲ್ಲಿ ಅಂಥ ಆಕರ್ಷಣೆ ಏನಿದೆ?

ಪ್ರಶ್ನೆ: ಮದ್ದೂರಿನ ರೈತ

ಮಾನ್ಯರೆ, ನನ್ನ ಭಾವಮೈದ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿದ್ದಾನೆ. ಅವನ ಬೀರುವಿನಲ್ಲಿ ದೊಡ್ಡ ರೈಫಲ್‌ಗಳೂ ಪಿಸ್ತೂಲುಗಳೂ ಇದ್ದರೂ, ರಜೆಯ ದಿನ ಬಯಲಿಗೆ ಹೊರಟಾಗ ಅವನು ಕೈಗೆತ್ತಿಕೊಳ್ಳುವುದು .22 (ನಳಿಗೆಯ ಒಳ ಅಗಲ ಸುಮಾರು 0.22 ಅಂಗುಲ) ರಿಮ್‌ಫೈರ್ ರಿವಾಲ್ವರ್‌ಗಳನ್ನೇ. ಒಂದು ರೂಗರ್ ಸಿಂಗಲ್-ಸಿಕ್ಸ್. ಇನ್ನೊಂದು ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿಯದು, ಐದು ತೋಟಾ ಹಿಡಿಯುವಂಥದ್ದು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟದು. ಶಕ್ತಿ ಕಡಿಮೆ, ಗುರಿಯಲ್ಲಿ ರೈಫಲ್‌ಗೆ ಸಮವಲ್ಲ, ತೋಟಾ ತುಂಬುವುದೂ ನಿಧಾನ. ಹೀಗಿದ್ದೂ ಅನುಭವಸ್ಥರಿಗೆ ಇದರ ಮೇಲೆ ಇಷ್ಟೊಂದು ಒಲವು ಏಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ನಮ್ಮ ಊರಿಗೆ ಸಂಬಂಧಿಸಿದ್ದು. ನನಗೆ ತೆಂಗಿನ ತೋಟವೂ ಸ್ವಲ್ಪ ಕಬ್ಬಿನ ಗದ್ದೆಯೂ ಇವೆ. ಸಂಜೆ ಹೊತ್ತು ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಗುರಿ ಹೊಡೆಯುವುದಕ್ಕೆ, ರಾತ್ರಿ ನೀರು ಕಟ್ಟಲು ಹೋಗುವಾಗ ಹಂದಿ ಮತ್ತು ಹಾವುಗಳ ಭಯಕ್ಕೆ ಸೊಂಟದಲ್ಲಿ ಇಟ್ಟುಕೊಳ್ಳುವುದಕ್ಕೆ ಇಂಥದ್ದೊಂದನ್ನು ಪರವಾನಗಿ ಪಡೆದು ಕೊಳ್ಳಲು ಸಾಧ್ಯವೆ?

ಉತ್ತರ 1: ಹಳೆಯ ಎನ್‌ಸಿಸಿ, ಮೈಸೂರು

ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಕಾನೂನಿನ ಮಾತನ್ನು ಬಲ್ಲವರು ಹೇಳಲಿ.

ಎನ್‌ಸಿಸಿ ಶಿಬಿರದಲ್ಲಿ ನೆಲಕ್ಕೆ ಮಲಗಿ .22 ರೈಫಲ್ ಹೊಡೆದವರಿಗೆ ಆ ತೋಟಾದ ಪರಿಚಯ ಇದ್ದೇ ಇರುತ್ತದೆ. ಒಂದು ಅಂಗುಲದಷ್ಟು ಉದ್ದ, ತುದಿಯಲ್ಲಿ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಪ್ರೈಮರನ್ನು ಬುಡದ ನಡುವೆ ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ರಿಮ್‌ಫೈರ್‌ನಲ್ಲಿ ಆ ಮದ್ದು ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ, ಪಿನ್ನು ಆ ಅಂಚನ್ನು ಜಜ್ಜಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಅಂಚು ಜಜ್ಜಬೇಕಾದರೆ ತಗಡು ತೆಳ್ಳಗಿರಬೇಕು. ತಗಡು ತೆಳ್ಳಗಿದ್ದ ಮೇಲೆ ಒತ್ತಡವೂ ಹೆಚ್ಚು ಇರುವಂತಿಲ್ಲ. ಈ ತೋಟಾ ಅಗ್ಗವಾಗಿರುವುದಕ್ಕೂ, ಹೊಡೆದಾಗ ಕೈಗೆ ಒದೆತ ಬಾರದಿರುವುದಕ್ಕೂ, ಒಮ್ಮೆ ಸುಟ್ಟ ತೋಟಾದ ಖಾಲಿ ಚಿಪ್ಪನ್ನು ಮತ್ತೆ ತುಂಬಿಸಲಾಗದಿರುವುದಕ್ಕೂ ಮೂಲ ಇಲ್ಲಿಯೇ ಇದೆ. ರಿವಾಲ್ವರ್‌ಗೂ ಇದಕ್ಕೂ ಹಳೆಯ ನಂಟು. ಸ್ಮಿತ್ ಆ್ಯಂಡ್ ವೆಸನ್ ಕಂಪನಿಯು 1857ರಲ್ಲಿ ತಂದ ಏಳು ಗುಂಡಿನ ಮೊದಲ ಮಾದರಿಯೇ .22 ಶಾರ್ಟ್ ತೋಟಾದ್ದು. ಇಂದು ಎಲ್ಲರೂ ಬಳಸುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ.

ರಿಮ್‌ಫೈರ್‌ನಲ್ಲಿ ಮದ್ದು ಅಂಚಿನ ಸುತ್ತ ಒಂದೇ ಸಮನಾಗಿ ಹರಡದೆ ಆಗಾಗ ಒಂದೊಂದು ತೋಟಾ ಹೊಟ್ಟಾಗುತ್ತದೆ. ಪಿಸ್ತೂಲಿನಲ್ಲಾದರೆ ಸ್ಲೈಡ್ (ಮೇಲಿನ ಜಾರುಭಾಗ) ಎಳೆದು ಅದನ್ನು ಹೊರಹಾಕುವ ರಗಳೆ ಉಂಟು. ರಿವಾಲ್ವರ್‌ನಲ್ಲಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ತಿರುಗುವ ಸಿಲಿಂಡರಿನ ಮುಂದಿನ ತೋಟಾ ಕೋಣೆಗೆ ಹೋದರಾಯಿತು. ಯಂತ್ರವನ್ನು ನಡೆಸುವುದು ತೋಟಾದ ಬಲವಲ್ಲ, ನಮ್ಮ ಬೆರಳು. ಆದ್ದರಿಂದ ಲಾಂಗ್ ರೈಫಲ್‌ಗೆಂದು ಮಾಡಿದ ಸಿಲಿಂಡರ್‌ನಲ್ಲಿ ಶಾರ್ಟ್, ಲಾಂಗ್ ತೋಟಾಗಳೂ ನಡೆಯುತ್ತವೆ. .22 ಮ್ಯಾಗ್ನಮ್ ಮಾತ್ರ ಬೇರೆಯೇ ಅಳತೆಯದು, ಅದಕ್ಕೆ ಬೇರೆ ಸಿಲಿಂಡರ್ ಬೇಕು, ಒಂದರ ತೋಟಾವನ್ನು ಇನ್ನೊಂದರ ಸಿಲಿಂಡರ್‌ಗೆ ತುಂಬಲೇಬಾರದು.

ಇದೆಲ್ಲ ಅನುಕೂಲದ ಮಾತಾಯಿತು. ಒಲವಿಗೆ ಕಾರಣ ನಿಧಾನ ಎಂಬುದು ನನ್ನ ಅಭಿಪ್ರಾಯ. ತಾವು ಹೇಳಿದ ಸಿಂಗಲ್-ಸಿಕ್ಸ್ 1953ರಿಂದ ತಯಾರಾಗುತ್ತಿದೆ. ಅದರ ಪಕ್ಕದ ಪುಟ್ಟ ಬಾಗಿಲು ತೆರೆದು, ಸಿಲಿಂಡರನ್ನು ಹೆಬ್ಬೆರಳಿನಿಂದ ಒಂದೊಂದೇ ಕೋಣೆ ತಿರುಗಿಸುತ್ತ ತೋಟಾ ಇಳಿಸಬೇಕು. ಪ್ರತಿ ಗುಂಡಿಗೂ, ಪಿನ್ನಿಗೆ ಪೆಟ್ಟು ಕೊಡುವ ಹ್ಯಾಮರನ್ನು ಕೈಯಿಂದಲೇ ಹಿಂದಕ್ಕೆಳೆಯಬೇಕು. ಆರು ಮುಗಿದ ಮೇಲೆ ನಳಿಗೆಯ ಕೆಳಗಿನ ಕಡ್ಡಿಯನ್ನು ಒತ್ತಿ ಬಿಸಿ ಚಿಪ್ಪುಗಳನ್ನು ಒಂದೊಂದಾಗಿ ತಳ್ಳಬೇಕು. ಡಬ್ಬಿ ಡಬ್ಬಿ ತೋಟಾ ಸುಟ್ಟು ಬರುವ ಚಾಳಿಗೆ ಇಲ್ಲಿ ಅವಕಾಶವೇ ಇಲ್ಲ, ಹೊಡೆಯುವವನು ಪ್ರತಿಯೊಂದು ಗುಂಡನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾನೆ. ಒದೆತ ಇಲ್ಲದ್ದರಿಂದ ಟ್ರಿಗರ್ ಎಳೆಯುವಾಗ ಮುಂದಿನ ಗುರಿಮಣಿ ಎತ್ತ ಜಾರಿತು ಎಂಬುದು ಕಣ್ಣಿಗೆ ಕಾಣುತ್ತದೆ. ದೊಡ್ಡ ರಿವಾಲ್ವರ್‌ನಲ್ಲಿ ಆ ತಪ್ಪು ಸದ್ದಿನಲ್ಲೂ ಹೊಡೆತದಲ್ಲೂ ಮುಚ್ಚಿಹೋಗುತ್ತದೆ. ಡಬಲ್ ಆ್ಯಕ್ಷನ್, ಅಂದರೆ ಟ್ರಿಗರ್ ಎಳೆತವೇ ಹ್ಯಾಮರನ್ನೂ ಹಿಂದಕ್ಕೆಳೆಯುವ, .22ಗಳ ಟ್ರಿಗರ್ ಬಿಗಿಯಾಗಿರುತ್ತದೆ, ಏಕೆಂದರೆ ಅಂಚನ್ನು ಜಜ್ಜಲು ಬಲವಾದ ಪೆಟ್ಟೇ ಬೇಕು. ಅದಕ್ಕೇ ಗುರಿಯ ಹಂಬಲ ಇರುವವರು ಅಲ್ಲಿಯೂ ಹ್ಯಾಮರನ್ನು ಮೊದಲೇ ಎಳೆದುಕೊಳ್ಳುತ್ತಾರೆ.

ಆ ಐದು ಗುಂಡಿನ ಪುಟಾಣಿಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಲಾಂಗ್ ರೈಫಲ್ ತೋಟಾದ ಅತಿ ಚಿಕ್ಕ ಮಾದರಿ ತೂಗುವುದು ಸುಮಾರು 130 ಗ್ರಾಂ. ಹಿಡಿಗೆ ಎರಡು ಬೆರಳಿಗಿಂತ ಹೆಚ್ಚು ಜಾಗವಿಲ್ಲ, ಗುರಿಮಣಿ ಹೆಸರಿಗಷ್ಟೇ, ತೋಟಾ ತುಂಬಬೇಕಾದರೆ ನಡುವಿನ ಕಡ್ಡಿ ಕಿತ್ತು ಸಿಲಿಂಡರನ್ನೇ ಹೊರತೆಗೆಯಬೇಕು. ಕೈಗಡಿಯಾರದ ಕುಸುರಿಗೆ ಮರುಳಾಗುವವರು ಇದಕ್ಕೂ ಮರುಳಾಗುತ್ತಾರೆ, ಹತ್ತು ಹೆಜ್ಜೆ ದೂರದ ಡಬ್ಬಿಗೆ ಬಿದ್ದರೆ ಅದು ಅದೃಷ್ಟ.

ಉತ್ತರ 2: ಕುವೆಂಪುನಗರ ನಿವಾಸಿ

ನಾನು ಕೆಲವು ವರ್ಷ ಕೊಲರಾಡೊದಲ್ಲಿ ಕೆಲಸದಲ್ಲಿದ್ದೆ. ಹೊರಾಂಗಣದ ಬಳಕೆಯ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ.

ಅಲ್ಲಿ ಮೀನು ಹಿಡಿಯಲು, ಡೇರೆ ಹಾಕಿ ತಂಗಲು ಹೋಗುವವರ ಸಾಮಾನಿನ ಚೀಲದಲ್ಲಿ ಹಗುರವಾದ .22 ರಿವಾಲ್ವರ್ ಇರುವುದು ಹಳೆಯ ವಾಡಿಕೆ. ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1930ರ ದಶಕದಲ್ಲಿ ‘ಕಿಟ್ ಗನ್’ ಎಂಬ ಹೆಸರಿನಲ್ಲೇ ಒಂದನ್ನು ಮಾರಾಟಕ್ಕೆ ತಂದಿತ್ತು. ಈಚೆಗೆ, 2019ರಲ್ಲಿ, ರೂಗರ್ ಕಂಪನಿ ರ‍್ಯಾಂಗ್ಲರ್ ಎಂಬ ಅಗ್ಗದ ಮಾದರಿಯನ್ನು ತಂದ ಮೇಲೆ ಹೊಸಬರಿಗೂ ಇದು ಕೈಗೆಟುಕುವಂತಾಯಿತು. ಕಾನೂನು ಒಪ್ಪುವ ಕಡೆ ಮೊಲ, ಅಳಿಲು ಹೊಡೆಯುವುದು, ಮರದ ತುಂಡಿಗೆ ಗುರಿ ಇಡುವುದು, ಇಷ್ಟೇ ಅದರ ಕೆಲಸ. ಕರಡಿ ಇರುವ ಕಾಡಿಗೆ ಅದನ್ನು ನೆಚ್ಚಿಕೊಂಡು ಹೋಗುವವರನ್ನು ನಾನು ಕಂಡಿಲ್ಲ.

ಚಿಕ್ಕದೆಂದು ಸಲುಗೆ ತೋರಿದವರು ಮೂರು ಕಡೆ ಎಡವುತ್ತಾರೆ. ಈ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ನೀರಿಗೆ, ಕಲ್ಲಿಗೆ, ಗಟ್ಟಿ ನೆಲಕ್ಕೆ ಓರೆಯಾಗಿ ಬಿದ್ದರೆ ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ. ನಾಲೆಯ ಏರಿಯ ಮೇಲೆ ಡಬ್ಬಿ ಇಡುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡುವುದು ಲೇಸು. ನಳಿಗೆ ಗಿಡ್ಡವಾದಷ್ಟೂ ಸದ್ದು ಜೋರು, ಕಿವಿಗೆ ರಕ್ಷಣೆ ಇಲ್ಲದೆ ಹೊಡೆದರೆ ಶ್ರವಣಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಅನಿಲವೂ ಸೀಸದ ಕಣಗಳೂ ಪಕ್ಕಕ್ಕೆ ಚಿಮ್ಮುವುದರಿಂದ ಬೆರಳು ಅದರ ಹಿಂದೆಯೇ ಇರಬೇಕು. ಮನೆಗೆ ಬಂದು ಕೈ ತೊಳೆಯದೆ ಊಟಕ್ಕೆ ಕೂರಬಾರದು, ಸೀಸ ವಿಷ.

ಉತ್ತರ 3: ವಕೀಲ, ಮಂಡ್ಯ

ರೈತ ಮಿತ್ರರ ಎರಡನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ತಾವು ಕೊಟ್ಟಿರುವ ಕಾರಣಗಳಿಗೆ ರಿವಾಲ್ವರ್ ಪರವಾನಗಿ ಸಿಗುವುದು ದುರ್ಲಭ.

1959ರ ಆಯುಧ ಅಧಿನಿಯಮದ 13ನೆಯ ಕಲಮನ್ನು ನೋಡಿ. ಸ್ವರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನಯವಾದ ನಳಿಗೆಯ ಬಂದೂಕು, ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕಾಗಿ .22 ರೈಫಲ್, ಇವುಗಳಿಗೆ ಅದು ಪ್ರತ್ಯೇಕ ದಾರಿ ಮಾಡಿಕೊಟ್ಟಿದೆ. ರಿವಾಲ್ವರ್ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ‘ಸಕಾರಣ’ವನ್ನು ಪ್ರಾಧಿಕಾರಕ್ಕೆ ಮನವರಿಕೆ ಮಾಡಿಕೊಡಬೇಕು. ಮಂಡ್ಯ ಜಿಲ್ಲೆಯವರು ಜಿಲ್ಲಾಧಿಕಾರಿಗಳಿಗೆ, ಮೈಸೂರು ನಗರದವರು ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸುತ್ತಾರೆ, ಪೊಲೀಸ್ ವರದಿ ಬಂದ ಮೇಲೆಯೇ ತೀರ್ಮಾನ. ಡಬ್ಬಿಗೆ ಗುರಿ ಹೊಡೆಯುವ ಖುಷಿಯನ್ನು ಸಕಾರಣವೆಂದು ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ. ಪರವಾನಗಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ರೂಗರನ್ನಾಗಲಿ ಆ ಪುಟಾಣಿಯನ್ನಾಗಲಿ ಭಾವಮೈದ ಕಳುಹಿಸುವಂತಿಲ್ಲ, ಹೆಸರಾಂತ ಶೂಟರ್‌ಗಳಂಥ ಕೆಲವರಿಗೆ ಬಿಟ್ಟರೆ ಸಾಮಾನ್ಯರಿಗೆ ಆಮದಿನ ಅವಕಾಶವಿಲ್ಲ. ದೇಶದೊಳಗಿನ ತಯಾರಿಕೆಯಲ್ಲಿ ಇಶಾಪುರದ ರೈಫಲ್ ಕಾರ್ಖಾನೆಯ ‘ನಿಡರ್’ ಎಂಬ ಹಗುರ .22 ರಿವಾಲ್ವರ್ ಇದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಮುಗಿದ ಮೇಲೆ ಬಿಡಿಸಿಕೊಂಡು ಬರುವ ಓಡಾಟವೂ ತಮ್ಮ ಪಾಲಿಗೆ ಬರಬಹುದು. ಕೊಡಗಿನವರಿಗಿರುವ ಬಂದೂಕು ಪರವಾನಗಿ ವಿನಾಯಿತಿಯನ್ನು ಇಲ್ಲಿ ಯಾರೂ ಉದಾಹರಿಸಬೇಡಿ, ಅದು ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಸೀಮಿತ.

ಹಂದಿ, ಹಾವುಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ನಾಗರಹಾವನ್ನು ಕೊಲ್ಲುವುದೇ ಅಪರಾಧ. .22 ಗುಂಡು ತಗುಲಿದ ಹಂದಿ ಸಾಯುವುದಕ್ಕಿಂತ ಕೆರಳಿ ಮೇಲೆ ಬೀಳುವ ಸಂಭವವೇ ಹೆಚ್ಚು. ರಂಗನತಿಟ್ಟಿಗಾಗಲಿ ಮೇಲುಕೋಟೆಯ ಅಭಯಾರಣ್ಯಕ್ಕಾಗಲಿ ಪರವಾನಗಿ ಇರುವ ಆಯುಧವನ್ನೂ ಲಿಖಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ.

ಮದ್ದೂರಿನ ರೈತ

ಮೂವರಿಗೂ ಕೃತಜ್ಞತೆಗಳು. ವಕೀಲರೆ, ಸ್ವಂತ ತೋಟದೊಳಗೆ, ಸುತ್ತ ಯಾರೂ ಇಲ್ಲದಾಗ ಹೊಡೆದರೂ ತಪ್ಪಾಗುತ್ತದೆಯೆ? ರಿವಾಲ್ವರ್ ಆಗದಿದ್ದರೆ ಆ ನಿಧಾನದ ಸುಖಕ್ಕೆ ಬೇರೆ ದಾರಿ ಇದೆಯೆ?

ವಕೀಲ, ಮಂಡ್ಯ

2019ರ ತಿದ್ದುಪಡಿಯ ನಂತರ, ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಾಗ ತಮ್ಮದೇ ಎಂಬುದು ಅಲ್ಲಿ ಸಮರ್ಥನೆಯಾಗದು. ಕಬ್ಬಿನ ಗದ್ದೆಯಲ್ಲಿ ಸುತ್ತ ಯಾರೂ ಇಲ್ಲವೆಂದು ಯಾರು ತಾನೆ ಹೇಳಬಲ್ಲರು? ಆಚೆ ಬದಿಯಲ್ಲಿ ಹುಲ್ಲು ಕೊಯ್ಯುತ್ತ ಕೂತವರು ಕಣ್ಣಿಗೆ ಬೀಳುವುದೇ ಇಲ್ಲ.

ಹಳೆಯ ಎನ್‌ಸಿಸಿ, ಮೈಸೂರು

ದಾರಿ ಇದೆ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿ, ಆಮೇಲೆ ರೈಫಲ್ ಕ್ಲಬ್ಬಿನ ಸದಸ್ಯರಾಗಿ. ಅಲ್ಲಿ .22ರಲ್ಲಿ ಬೇಕಾದಷ್ಟು ನಿಧಾನವಾಗಿ ಹೊಡೆಯಬಹುದು, ತಪ್ಪು ತಿದ್ದುವವರೂ ಪಕ್ಕದಲ್ಲೇ ಇರುತ್ತಾರೆ. ಮನೆಯಲ್ಲೇ ಅಭ್ಯಾಸ ಬೇಕೆಂದರೆ 0.177 ಅಂಗುಲ ಮೀರದ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್‌ಗೆ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಒಂದೊಂದೇ ಕಾಳು (ಏರ್‌ಗನ್‌ನ ಪುಟ್ಟ ಗುಂಡು) ತುಂಬುವ ಮಾದರಿಯನ್ನು ಆರಿಸಿಕೊಳ್ಳಿ, ಸಿಂಗಲ್-ಸಿಕ್ಸ್ ಕಲಿಸುವುದರಲ್ಲಿ ಮುಕ್ಕಾಲು ಪಾಲನ್ನು ಅದು ಕಲಿಸುತ್ತದೆ. ಗುರಿಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಬೇಡಿ, ಕಾಳು ಪುಟಿದು ಕಣ್ಣಿಗೆ ಬರುತ್ತದೆ. ಹಳೆಯ ಬಟ್ಟೆಯನ್ನು ಒತ್ತಾಗಿ ತುರುಕಿದ ಮರದ ಪೆಟ್ಟಿಗೆಯ ಹಿಂದೆ ದಪ್ಪ ತಗಡೊಂದನ್ನು ಇಟ್ಟು, ಪೆಟ್ಟಿಗೆಯ ಮುಂದೆ ಗುರಿಯ ಕಾಗದ ಕಟ್ಟಿ. ಹತ್ತು ಮೀಟರ್ ಅಳೆದು ಗೆರೆ ಎಳೆದುಕೊಳ್ಳಿ, ಕನ್ನಡಕ ಹಾಕಿಕೊಳ್ಳಿ, ಮಕ್ಕಳೂ ನಾಯಿಯೂ ಗೆರೆಯ ಹಿಂದೆ ಇದ್ದಾರೆಂದು ನೋಡಿಕೊಂಡೇ ಕಾಳು ತುಂಬಿ.